ಬೇಡದ ಸಾಲಕ್ಕೆ ಇಟ್ಟ ಬಂಗಾರ

ಬ್ಯಾಂಕಿನಲ್ಲಿ ಬಂಗಾರದ ಸಾಲದ ಮೇಜಿಗೆ ಕೂತವರನ್ನು ಊರವರು ಮದುವೆಗೆ ಕರೆಯುತ್ತಾರೆ, ಆದರೆ ಬಾರದಿದ್ದರೆ ಒಳ್ಳೆಯದು ಎಂದುಕೊಳ್ಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ತರಬೇತಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ಮೊದಲು ಇದನ್ನು ಬರೆಯುತ್ತಿದ್ದೇನೆ. ಬೀಳಗಿಯಲ್ಲಿದ್ದಾಗ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಎದುರಿಗೆ ಕೂತ ಹೆಣ್ಣುಮಗಳು ನನ್ನ ಮುಖ ಕಂಡದ್ದೇ ತಡ, ಸೆರಗನ್ನು ಕೊರಳ ಸುತ್ತ ಎಳೆದುಕೊಂಡಳು. ಆಕೆ ಹಾಕಿಕೊಂಡಿದ್ದು ಬಂಗಾರದ ನೀರು ಕುಡಿಸಿದ ತಾಮ್ರದ ಸರ. ಖರೆ ಸರ ನಮ್ಮ ಬ್ಯಾಂಕಿನ ಕಬ್ಬಿಣದ ಕಪಾಟಿನಲ್ಲಿತ್ತು. ಆ ಮಂಟಪದಲ್ಲಿ ಅದು ಗೊತ್ತಿದ್ದವರು ನಾವಿಬ್ಬರೇ. ಆಕೆ ಒಂದು ಕೈಯಿಂದ ಸೆರಗು ಹಿಡಿದು, ಇನ್ನೊಂದರಿಂದ ಅನ್ನ ಕಲಸುತ್ತಲೇ ಇದ್ದಳು. ನಾನೇ ಹೋಳಿಗೆ ಅರ್ಧಕ್ಕೆ ಬಿಟ್ಟು ಎದ್ದು ಬಂದೆ. ಅಲ್ಲಿಂದ ಮುಂದೆ ಕರೆದವರ ಮನೆಗೆ ಹಿಂದಿನ ದಿನವೇ ಹೋಗಿ ಮುಯ್ಯಿಯ ಆಹೇರು ಕೊಟ್ಟು ಬರುವುದನ್ನು ರೂಢಿ ಮಾಡಿಕೊಂಡೆ.

ನಾನು ಬನಹಟ್ಟಿಯವಳು. ಅಪ್ಪ ಬೇರೆಯವರ ಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಅವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಜಮಖಂಡಿಯ ಕಾಲೇಜಿಗೆ ದಿನಾಲು ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಎನ್ನುವಿರಾದರೆ ಹೌದು, ಜಂಬಕ್ಕೇ. ಚಕ್ರಬಡ್ಡಿಯನ್ನು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದೆ. ಮದುವೆ ಕೂಡಿ ಬರಲಿಲ್ಲ. ಅದರ ಸಂಗತಿ ಇಲ್ಲಿ ಬೇಡ. ಬಾಗಲಕೋಟೆ ಹೊಸ ಜಿಲ್ಲೆಯಾದ ವರ್ಷ ನನಗೆ ಬೀಳಗಿಗೆ ವರ್ಗವಾಯಿತು.

ಆಗ ಬೀಳಗಿಯ ಬ್ಯಾಂಕೆಂದರೆ ಸಂತೆ. ಅಣೆಕಟ್ಟಿನ ಹಿನ್ನೀರಿಗೆ ಹೋಗುವ ಊರುಗಳ ಹೊಲ ಮನೆಗಳಿಗೆ ಪರಿಹಾರ ಬರುತ್ತಿತ್ತು. ಜೀವಮಾನದಲ್ಲಿ ಚೆಕ್ಕು ಹಿಡಿಯದವರು ಚೆಕ್ಕನ್ನು ರುಮಾಲಿನ ಸುತ್ತಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಬ್ಯಾಂಕಿನ ಹೊರಗೆ ಬೇವಿನ ಗಿಡದ ಕೆಳಗೆ ಟ್ರ್ಯಾಕ್ಟರ್ ಮಾರುವವರು, ನಿವೇಶನ ಮಾರುವವರು, ಮೂರು ವರ್ಷಕ್ಕೆ ದುಪ್ಪಟ್ಟು ಕೊಡುತ್ತೇವೆನ್ನುವ ಫೈನಾನ್ಸಿನವರು ಕಾದು ನಿಂತಿರುತ್ತಿದ್ದರು. ಒಳಗೆ ನಮ್ಮ ಮ್ಯಾನೇಜರ್ ಸಾಹೇಬರು, "ಬಾಯಾರ, ಗಿಡದ ಬುಡಕ್ಕ ಹೋಗೂಕಿಂತ ಮೊದಲ ಹಿಡೀರಿ ಅವರನ್ನ" ಎಂದು ನನ್ನ ಹಿಂದೆ ಬೀಳುತ್ತಿದ್ದರು. ಹೆಂಗಸರು ಬಂದರೆ ನನ್ನ ಮೇಜಿಗೇ ಕಳಿಸುತ್ತಿದ್ದರು. ಮುದ್ದತಿ ಠೇವಣಿ ಮಾಡಿಸುವುದರಲ್ಲಿ ನನ್ನ ಕೈ ಚಲೋ ಇತ್ತು.

ಹಾಗೆ ಬಂದವಳು ಗಂಗವ್ವ. ಕೃಷ್ಣೆಯ ದಂಡೆಯ ಊರು, ಗಂಡ ತೀರಿಕೊಂಡಿದ್ದ. ಹಣ ಅವಳ ಮತ್ತು ಮಗ ಮಲ್ಲಪ್ಪನ ಜಂಟಿ ಹೆಸರಿನಲ್ಲಿ ಬಂದಿತ್ತು, ತೆಗೆಯಲು ಇಬ್ಬರ ಸಹಿಯೂ ಬೇಕಿತ್ತು. ಅವಳ ಜೊತೆ ಮಗಳು ಶಾಂತವ್ವನೂ ಇದ್ದಳು. ಮಲ್ಲಪ್ಪನ ಅಕ್ಕ, ಮೂವತ್ತರ ಆಚೀಚಿನವಳು. ಅವಳನ್ನು ಚಿಮ್ಮಡಕ್ಕೆ ಕೊಟ್ಟಿದ್ದರು. ಗಂಡ ಮತ್ತೊಬ್ಬಳನ್ನು ತಂದುಕೊಂಡ ಮೇಲೆ ಉಟ್ಟ ಸೀರೆಯಲ್ಲೇ ತವರಿಗೆ ಬಂದವಳು.

ಗಂಗವ್ವ ಕೂತವಳೇ ಹೇಳಿದಳು: "ಬಾಯಾರ, ನಾ ಸಹಿ ಮಾಡಬೇಕಂದ್ರ ನಮ್ಮ ಶಾಂತವ್ವಗ ಹತ್ತು ತೊಲಿ ಬಂಗಾರ ಆಗಬೇಕು. ಉಳಿದದ್ದು ಮಲ್ಲಪ್ಪ ಏನರ ಮಾಡ್ಕೊಳ್ಳಲಿ."

ಮಲ್ಲಪ್ಪ ಗೋಡೆಗೆ ಒರಗಿ ನಿಂತಿದ್ದ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. "ಕೇಳ್ರಿ ಬಾಯಾರ, ಸುಮ್ಮನ ಬಂಗಾರ ಇಟ್ಟರ ಅದೇನ ಮರಿ ಹಾಕ್ತೈತಿ? ನೀವ ಹೇಳ್ರಿ ಅವ್ವಗ" ಎಂದ.

ನಾನು ಹೇಳಿದೆ. ಕಲಿತವಳಲ್ಲವೇ. ಬಂಗಾರ ಕೂತಲ್ಲೇ ಕೂತಿರುತ್ತದೆ, ಮಾಡಿಸುವ ಕೂಲಿ ಬೇರೆ ಹೋಗುತ್ತದೆ, ಮಾರುವಾಗ ಮತ್ತೆ ಕಳೆಯುತ್ತಾರೆ, ಕಳ್ಳರ ಭಯ. ಠೇವಣಿ ಇಟ್ಟರೆ ಆರು ವರ್ಷದ ಆಸುಪಾಸಿನಲ್ಲಿ ಎರಡರಷ್ಟಾಗುತ್ತದೆ ಎಂದು ಬೆರಳು ಮಡಚಿ ತೋರಿಸಿದೆ.

ಗಂಗವ್ವ ಪೂರ್ತಿ ಕೇಳಿದಳು. ಆಮೇಲೆ, "ಎರಡರಷ್ಟಾಗಿದ್ದು ಯಾರದಾಕ್ಕೈತಿ?" ಎಂದಳು.

"ಯಾರ ಹೆಸರಲೆ ಇಡ್ತೀರಿ ಅವರದು."

"ಹೆಸರು ಕಾಗದದ ಮ್ಯಾಲ ಇರ್ತೈತ್ರಿ. ಕಾಗದ ಮನ್ಯಾಗ ಇರ್ತೈತಿ. ಮನಿ ಯಾರದು?" ಎಂದು ಮಗನ ಕಡೆ ನೋಡಿದಳು. ಮಲ್ಲಪ್ಪ ನಕ್ಕುಬಿಟ್ಟ. "ನಮ್ಮವ್ವ ವಕೀಲಿ ಮಾಡಬೇಕಾಗಿತ್ರಿ" ಎಂದ.

ಹಾಗಾದರೆ ಆಭರಣದ ಕೂಲಿಯಾದರೂ ಉಳಿಯಲಿ, ಗಟ್ಟಿಯನ್ನೇ ಕೊಳ್ಳಿ ಎಂದೆ. ಅದಕ್ಕೂ ಆಕೆ ಒಪ್ಪಲಿಲ್ಲ. ಗಟ್ಟಿ ಇದ್ದರೆ ಅದು ಗಂಡಸರ ರೊಕ್ಕ, ದಾಗೀನ ಮಾಡಿಸಿದರೆ ಮಾತ್ರ ಹೆಣ್ಣಿನದು ಅನ್ನುತ್ತಾರೆ ಎಂದಳು. ಕೊರಳಿಗೆ ಬೋರಮಾಳ ಮತ್ತು ಒಂದು ಗುಂಡಿನ ಸರ, ಕೈಗೆ ಎರಡು ಪಾಟ್ಲಿ ಮಾಡಿಸಿದರು. ನನ್ನ ಠೇವಣಿ ಹೋಯಿತು. ಸಾಹೇಬರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮುಂದಿನ ವರ್ಷ ಗಂಗವ್ವ ಮತ್ತೆ ಬಂದಳು. ಈ ಸಲ ಮುಖದಲ್ಲಿ ಗಾಬರಿ. ಅವರು ಪುನರ್ವಸತಿ ಕೇಂದ್ರಕ್ಕೆ ಬಂದಿದ್ದರು. ಬಳಗದಲ್ಲಿ ಯಾರದೋ ಮಗನ ಮದುವೆ. ಶಾಂತವ್ವನ ದಾಗೀನ ಎರಡು ದಿನದ ಮಟ್ಟಿಗೆ ಕೊಡಿರೆಂದು ಕೇಳುತ್ತಿದ್ದರು. ಅವರ ಬಳಗದಲ್ಲಿ ಒಂದು ಪದ್ಧತಿ. ಮದುಮಗಳ ಕೊರಳಿಗೆ ಗಂಡಿನ ಕಡೆಯವರು ಹಾಕಿದ ದಾಗೀನದ ಮೇಲೆ ಅಕ್ಷತೆಯ ಅಕ್ಕಿಕಾಳು ಬಿದ್ದರೆ ಮುಗಿಯಿತು, ಅದನ್ನು ಯಾರೂ ತಿರುಗಿ ಕೇಳುವಂತಿಲ್ಲ. ಕೇಳಿದರೆ ಮದುಮಗಳ ಆಯುಷ್ಯಕ್ಕೆ ಕೈ ಹಾಕಿದಂತೆ. ಎರವಲು ಎಂದು ಕೊಟ್ಟು ಕಳೆದುಕೊಂಡವರು ಪ್ರತಿ ಊರಿನಲ್ಲೂ ಇದ್ದರು.

"ಇಲ್ಲ ಅಂದ್ರ ಬಳಗ ಹೋಕ್ಕೈತಿ, ಕೊಟ್ರ ಬಂಗಾರ ಹೋಕ್ಕೈತಿ. ನಿಮ್ಮ ಕಪಾಟಿನ್ಯಾಗ ಸುಮ್ಮನ ಇಟ್ಕೊಳ್ರಿ ಬಾಯಾರ" ಎಂದಳು.

ನಮ್ಮ ಶಾಖೆಯಲ್ಲಿ ಲಾಕರ್ ಇರಲಿಲ್ಲ. ಸುಮ್ಮನೆ ಇಟ್ಟುಕೊಳ್ಳಲು ಬರುವುದಿಲ್ಲ. ಹಾಗೆ ಹೇಳುತ್ತಿರುವಾಗಲೇ ನನಗೆ ಹೊಳೆಯಿತು: ಸುಮ್ಮನೆ ಬರುವುದಿಲ್ಲ, ಸಾಲಕ್ಕೆ ಬರುತ್ತದೆ. ಶಾಂತವ್ವನ ಹೆಸರಿನಲ್ಲಿ ಎರಡು ಸಾವಿರ ಸಾಲ ತೆಗೆದು ಹತ್ತೂ ತೊಲಿಯನ್ನು ಅಡವಿಟ್ಟರೆ, ಕೇಳಿದವರಿಗೆ "ಬ್ಯಾಂಕಿನ್ಯಾಗ ಐತಿ, ಸಾಲ ತೀರಿಲ್ಲ" ಎನ್ನಬಹುದು. ಅಡವಿಟ್ಟ ಬಂಗಾರವನ್ನು ಯಾರೂ ಎರವಲು ಕೇಳುವುದಿಲ್ಲ. ವರ್ಷಕ್ಕೊಮ್ಮೆ ಬಂದು ಬಡ್ಡಿ ಕಟ್ಟಿ ಹೊಸದು ಮಾಡಿಸಿಕೊಂಡರೆ ಆಯಿತು.

ಸಾಹೇಬರು ಕಾಗದ ನೋಡಿ ಕನ್ನಡಕ ತೆಗೆದರು. "ಏನ್ರಿ ಬಾಯಾರ, ಇಷ್ಟ ಬಂಗಾರಕ್ಕ ಎರಡ ಸಾವಿರ? ಆಕಿಗಿ ಯಾರರ ತಿಳಿಸಿ ಹೇಳ್ರಿ, ಇನ್ನೂ ಸಿಗತೈತಿ ಅಂತ."

"ಆಕಿಗಿ ಸಾಲ ಬೇಕಾಗಿಲ್ರಿ ಸರ್."

"ಮತ್ತ್ಯಾಕ ತಗೊಳ್ಳಾಕತ್ತಾಳ?"

ಹೇಳಿದೆ. ಸಾಹೇಬರು ಬಹಳ ಹೊತ್ತು ನಕ್ಕು ಸಹಿ ಹಾಕಿದರು. ಅದೇ ವರ್ಷ ಹೀಗೆ ಬೇಡದ ಸಾಲ ತೆಗೆದುಕೊಂಡ ಹೆಂಗಸರು ಇನ್ನೂ ಮೂರೋ ನಾಲ್ಕೋ ಮಂದಿ ಬಂದರು. ಯಾರು ಯಾರಿಗೆ ಹೇಳಿದರೋ. ಬಡ್ಡಿ ಅವರ ಲೆಕ್ಕದಲ್ಲಿ ಕಾವಲುಗಾರನ ಪಗಾರ.

ಕೆಲಸದ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಈಗ ಯಂತ್ರದೊಳಗಿಟ್ಟರೆ ಪರದೆಯ ಮೇಲೆ ಶುದ್ಧತೆ ಬರುತ್ತದೆ. ಆಗ ಅಕ್ಕಸಾಲಿಗ ಪತ್ತಾರ ಕಾಳಪ್ಪನವರು ವಾರಕ್ಕೆರಡು ದಿನ ಬಂದು ಒರೆಗಲ್ಲಿಗೆ ತಿಕ್ಕಿ ನೋಡುತ್ತಿದ್ದರು. ನಮ್ಮ ಸಾಹೇಬರ ನಂತರ ಮೈಸೂರು ಕಡೆಯ ಹೊಸ ಮ್ಯಾನೇಜರೊಬ್ಬರು ಬಂದರು. ಕಾಳಪ್ಪನವರು ಇಲ್ಲದ ದಿನ ಒಂದು ಬೋರಮಾಳವನ್ನು ತಾವೇ ತೂಗಿ, ಪೂರ್ತಿ ತೂಕಕ್ಕೆ ಸಾಲ ಬರೆದುಬಿಟ್ಟರು. ನಮ್ಮ ಕಡೆಯ ಬೋರಮಾಳದ ಮಣಿ ಹೊರಗೆ ಬಂಗಾರದ ತಗಡು, ಒಳಗೆ ಅರಗು. ಅರಗಿನ ತೂಕ ಕಳೆದೇ ಲೆಕ್ಕ ಹಿಡಿಯಬೇಕು. ಗೊತ್ತಾದಾಗ ಆ ಮ್ಯಾನೇಜರು, "ಅಂದ್ರೆ ನಾನು ಅರಗಿಗೆ ಸಾಲ ಕೊಟ್ಟಿದೀನಾ?" ಎಂದು ತಲೆ ಮೇಲೆ ಕೈ ಇಟ್ಟುಕೊಂಡರು. ಹೊಸ ಊರಿಗೆ ಹೋದರೆ ಮೊದಲು ಅಲ್ಲಿಯ ದಾಗೀನ ಏನು, ಅದರ ಹೊಟ್ಟೆಯಲ್ಲಿ ಏನಿದೆ ಎಂದು ಕೇಳಿಕೊಳ್ಳಿ.

ಗಂಗವ್ವ ಪುನರ್ವಸತಿ ಕೇಂದ್ರದಲ್ಲಿ ಬಹಳ ದಿನ ಬದುಕಲಿಲ್ಲ. ಅವಳು ಹೋದ ಮರುವರ್ಷ ಮಲ್ಲಪ್ಪನ ಮದುವೆ ಗೊತ್ತಾಯಿತು, ಮುಧೋಳದ ಕಡೆಯ ಹುಡುಗಿ. ಒಂದು ದಿನ ಅವನು ಎರಡು ಸಾವಿರವನ್ನೂ ಬಡ್ಡಿಯನ್ನೂ ಎಣಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟ. "ಅಕ್ಕನ ಸಾಲ ತೀರಸ್ತೀನ್ರಿ. ದಾಗೀನ ಕೊಡ್ರಿ."

"ಸಾಲ ಅಕ್ಕನ ಹೆಸರಲೆ ಐತೆಪಾ. ಆಕಿನ್ನ ಕರ್ಕೊಂಡ ಬಾ."

ಮರುದಿನ ಕರೆದುಕೊಂಡು ಬಂದ. ಶಾಂತವ್ವ ಮೇಜಿನ ಅಂಚು ಹಿಡಿದು ಕೂತಳು. ಮಲ್ಲಪ್ಪ ನೋಟುಗಳನ್ನು ಮತ್ತೆ ಮೇಜಿನ ಮೇಲಿಟ್ಟ, ಕೂರಲಿಲ್ಲ. ಅವನು ಕೆಟ್ಟವನೆಂದು ನಾನು ಬರೆಯಲಾರೆ. ಅವರ ಊರಿನಲ್ಲಿದ್ದಾಗ ಇವರದು ದೊಡ್ಡ ಮನೆ, ತೋಟದ ಹೊಲ. ಯಾರಿಗೂ ಏನನ್ನೂ ತೋರಿಸುವ ಅಗತ್ಯವಿರಲಿಲ್ಲ. ಕೇಂದ್ರದಲ್ಲಿ ಎಲ್ಲರದೂ ಒಂದೇ ಅಳತೆಯ ನಿವೇಶನ, ಒಂದೇ ಬಗೆಯ ಗೋಡೆ. ಯಾರು ದೊಡ್ಡವರೆಂದು ಹೇಗೆ ಗೊತ್ತಾಗಬೇಕು? ಮದುಮಗಳ ಕೊರಳು ನೋಡಿಯೇ.

"ಬೀಗರು ಹತ್ತು ಮಂದಿಯೊಳಗ ಕೇಳ್ಯಾರ ಅಕ್ಕಾ, ಹುಡುಗಿಗಿ ಏನ ಹಾಕ್ತೀರಿ ಅಂತ. ನಾ ಏನ ಹೇಳ್ಲಿ? ಎರಡ ದಿನ ಅಷ್ಟ. ಆಮ್ಯಾಲ ತಂದ ಇಲ್ಲೇ ಇಡ್ತೀನಿ."

ಶಾಂತವ್ವ ಆ ನೋಟುಗಳನ್ನು ಮುಟ್ಟಲಿಲ್ಲ.

"ಅಕ್ಕಿಕಾಳ ಬಿದ್ದ ಮ್ಯಾಲ ತರಾಕ ಬರ್ತೈತೇನೋ ಮಲ್ಲಪ್ಪಾ?" ಎಂದೆ ನಾನೇ. ಬ್ಯಾಂಕಿನವಳು ಆಡಬೇಕಾದ ಮಾತಲ್ಲ ಅದು.

ಅವನಿಗೆ ಸಿಟ್ಟು ಬಂತು. "ನಮ್ಮ ಮನಿ ಮಾತಿನ್ಯಾಗ ನೀವ್ಯಾಕ ಬರ್ತೀರಿ ಬಾಯಾರ? ನಿಮಗೇನ ತಮ್ಮ ಅದಾನೋ, ಮದಿವಿ ಮಾಡೂದೈತೋ?" ಎಂದ. ಆಚೆ ಮೇಜಿನವರು ತಲೆ ಎತ್ತಿದರು. ನನಗೆ ತಮ್ಮನಿಲ್ಲ. ನಾನು ಸಾಲದ ಪುಸ್ತಕ ತೆರೆದೆ. ಆಮೇಲೆ ಬ್ಯಾಂಕಿನ ರೀತಿಯಲ್ಲೇ ಕೇಳಿದೆ: "ಶಾಂತವ್ವ, ಸಾಲ ತೀರಿಸ್ತೀಯೋ, ಮುಂದುವರಸ್ತೀಯೋ?"

ಅವಳು ತಮ್ಮನ ಕಡೆ ನೋಡಲಿಲ್ಲ. ಬಾಗಿಲ ಕಡೆ ನೋಡುತ್ತ, "ನನಗ ಸಾಲಾ ಇನ್ನೂ ಬೇಕ್ರೀ ಬಾಯಾರ" ಎಂದಳು.

"ಎಂಥಾ ಸಾಲಾ ಬೇ? ಎರಡ ಸಾವಿರಕ್ಕ ಏನ ದಿವಾಳಿ ಎದ್ದೀಯೇನ?"

"ಬೇಕು" ಎಂದಳು ಮತ್ತೊಮ್ಮೆ, ಮೊದಲಿಗಿಂತ ಸಣ್ಣ ದನಿಯಲ್ಲಿ.

ಮಲ್ಲಪ್ಪ ನೋಟುಗಳನ್ನು ಬಾಚಿಕೊಂಡು ಹೋದ. ತಮ್ಮನಿಗೆ ಕೊಡುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಲೇ ಇಲ್ಲ. ಮದುವೆ ಆಯಿತು. ಕಳಸ ಹಿಡಿದುಕೊಂಡು ಮುಂದೆ ನಡೆಯಬೇಕಾದವಳು ಒಡಹುಟ್ಟಿದ ಅಕ್ಕ. ಆ ದಿನ ದೂರದ ಸಂಬಂಧದ ಹುಡುಗಿಯೊಬ್ಬಳ ಕೈಗೆ ಕಳಸ ಕೊಟ್ಟರಂತೆ. ಶಾಂತವ್ವ ಅಡುಗೆಯ ಕಡೆ ಕೂತು ಸೌತೆಕಾಯಿ ಹೆಚ್ಚಿದಳಂತೆ. ತಿಂಗಳೊಳಗೆ ಒಂದು ಗಂಟು ಕಟ್ಟಿಕೊಂಡು ಬ್ಯಾಂಕಿಗೆ ಬಂದಳು. "ನಿಮ್ಮೂರಾಗ ಕೆಲಸಾ ಸಿಗತೈತೇನ್ರಿ?"

ಬನಹಟ್ಟಿಯಲ್ಲಿ ನಮ್ಮ ಓಣಿಯಲ್ಲೇ ಒಂದು ಬಾಡಿಗೆ ಕೋಣೆ ನೋಡಿ ಕೊಟ್ಟೆ. ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತುವ ಕೆಲಸ ಹಿಡಿದಳು. ನನಗೂ ಕೆಲ ವರ್ಷಗಳ ಮೇಲೆ ಬನಹಟ್ಟಿಗೆ ವರ್ಗವಾದಾಗ ಅವಳ ಬಂಗಾರವೂ ಬಂತು, ಬೀಳಗಿಯ ಸಾಲ ತೀರಿಸಿ ಇಲ್ಲಿ ಮತ್ತೆ ಅಡವಿಡಲು ನಾವಿಬ್ಬರೂ ಹೋಗಿ ತಂದೆವು. ಜಮಖಂಡಿಯಲ್ಲಿ ಬಸ್ಸು ಬದಲಿಸುವಾಗ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಾಯಾರಿದರೂ ನೀರಿಗೆ ಏಳಲಿಲ್ಲ.

ಬಂಗಾರಕ್ಕಿಂತ ಠೇವಣಿ ಮೇಲೆಂಬ ನನ್ನ ಮಾತೇ ಮೊದಲ ನಾಲ್ಕೈದು ವರ್ಷ ಗೆದ್ದಿತ್ತು, ಅದನ್ನೂ ಬರೆಯಬೇಕು. ಬಂಗಾರದ ದರ ಅಲುಗಾಡಲಿಲ್ಲ. ಪರಿಹಾರದ ಹಣವನ್ನು ಠೇವಣಿ ಇಟ್ಟವರು ಏರಿದ ಮೊತ್ತ ಕಂಡು ನನಗೆ ಪೇಢೆ ತಂದುಕೊಟ್ಟರು. ಗಿಡದ ಕೆಳಗಿನ ಫೈನಾನ್ಸಿಗೆ ಹಾಕಿದವರು ಒಂದು ದಿನ ಬೀಗ ಹಾಕಿದ ಬಾಗಿಲು ನೋಡಿ ಬಂದರು. ಟ್ರ್ಯಾಕ್ಟರ್ ಕೊಂಡವರಲ್ಲಿ ದುಡಿದವರೂ ಇದ್ದಾರೆ, ಎಂಜಿನ್ ತುಕ್ಕು ಹಿಡಿಸಿದವರೂ ಇದ್ದಾರೆ. ಜಮಖಂಡಿಯ ಹೊರಗೆ ನಿವೇಶನ ಕೊಂಡವರು ಬಹಳ ವರ್ಷ ಕಾದು ದೊಡ್ಡ ಲಾಭ ಕಂಡರು. ಅದರಲ್ಲಿ ಕೋರ್ಟಿನ ಮೆಟ್ಟಿಲು ಸವೆಸಿದವರ ಲೆಕ್ಕ ಬೇರೆ. ಬೆಳ್ಳಿ ಕೊಂಡವನೊಬ್ಬ ಮಾರಲು ಹೋಗಿ, ಕಪ್ಪಾಗಿದೆ, ಬೆಸುಗೆ ಬಹಳ ಇದೆ ಎಂದು ಸರಾಫ ಕಳೆದದ್ದನ್ನು ಕೇಳಿ ಮನೆಗೇ ತಿರುಗಿ ತಂದ. ಆಮೇಲೆ ಬಂಗಾರ ಏರಲು ಶುರುವಾಯಿತು. ಎಂಥ ಏರಿಕೆ ಎಂದರೆ, ಬೆಳಿಗ್ಗೆ ಬರೆದಿಟ್ಟ ದರವನ್ನು ಎಷ್ಟೋ ದಿನ ಸಂಜೆ ಬದಲಿಸಬೇಕಾಗುತ್ತಿತ್ತು. ನನ್ನ ಠೇವಣಿಗಳ ಬಡ್ಡಿ ಇಳಿಯುತ್ತ ಬಂತು. ಗಂಗವ್ವ ಬದುಕಿದ್ದರೆ ಆಡಿಕೊಳ್ಳುತ್ತಿದ್ದಳೋ ಏನೋ. ಆದರೆ ಆಕೆ ದರ ಏರುತ್ತದೆಂದು ಕೊಂಡಿರಲಿಲ್ಲ. ಏರದಿದ್ದರೂ ಆಕೆಯ ಲೆಕ್ಕ ತಪ್ಪಾಗುತ್ತಿರಲಿಲ್ಲ.

ಯಾವುದು ಚಲೋ, ಬಂಗಾರವೋ ಹೊಲವೋ ಠೇವಣಿಯೋ ಎಂದು ಈಗಲೂ ಕೇಳುತ್ತಾರೆ. ಕೇಳುವವರ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯದೆ ಉತ್ತರ ಹೇಳಬೇಡಿ.

ಮಲ್ಲಪ್ಪ ಅಕ್ಕನನ್ನು ಪೂರಾ ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ನಾಗರ ಪಂಚಮಿಯ ಹೊತ್ತಿಗೆ ಬನಹಟ್ಟಿಗೆ ಬರುತ್ತಿದ್ದ. ತಮ್ಮನಾದವನು ಪಂಚಮಿಗೆ ಬರುವುದು ಅಕ್ಕನನ್ನು ತವರಿಗೆ ಕರೆದೊಯ್ಯಲು. ಇವನು ಬರುತ್ತಿದ್ದದ್ದು ಬಂಗಾರ ಕೇಳಲು. ಒಂದು ವರ್ಷ ಟ್ರ್ಯಾಕ್ಟರಿನ ಕಂತು, ಇನ್ನೊಂದು ವರ್ಷ ಹೊಸ ಹೊಲಕ್ಕೆ ಬೋರು, ಮತ್ತೊಂದು ವರ್ಷ ಹೆಂಡತಿಯ ಆಪರೇಷನ್. ಸಂಜೆ ಶಾಂತವ್ವ ನನ್ನ ಮನೆಗೆ ಬಂದು ಹೇಳುತ್ತಿದ್ದಳು: "ಬಂದಿದ್ದ ನೋಡ್ರಿ. ಬದನಿಕಾಯಿ ಪಲ್ಯ, ರೊಟ್ಟಿ ಮಾಡಿ ಹಾಕಿದ್ನಿ. ಮೂರ ರೊಟ್ಟಿ ತಿಂದ, ಬೈದ, ಹೋದ."

"ನೀ ಏನ ಹೇಳಿದಿ?"

"ಸಾಲಾ ಇನ್ನೂ ತೀರಿಲ್ಲೋ ತಮ್ಮಾ ಅಂದ್ನಿ."

ಆಪರೇಷನ್ನಿನ ವರ್ಷ ಮಾತ್ರ ತನ್ನ ಕೂಲಿಯಲ್ಲಿ ಉಳಿಸಿದ್ದನ್ನು ಕೊಟ್ಟು ಕಳಿಸಿದಳು. ಬಂಗಾರ ಮುಟ್ಟಲಿಲ್ಲ.

ನಾನು ನಿವೃತ್ತಳಾಗುವ ವರ್ಷ ಅವಳ ಕೋಣೆಯ ಮಾಲೀಕ ಮನೆ ಮಾರಲು ನಿಂತ. ಅವಳ ಬೆರಳುಗಳೂ ಸೋತಿದ್ದವು, ಕಂಡಿಕೆ ಸುತ್ತುವ ಕೆಲಸವೂ ಕಡಿಮೆಯಾಗಿತ್ತು. ನಾನು ಲೆಕ್ಕ ಹಾಕಿ ಹೇಳಿದೆ: ದರ ಹಿಂದೆಂದೂ ಇಲ್ಲದಷ್ಟು ಎತ್ತರದಲ್ಲಿದೆ, ಪಾಟ್ಲಿ ಇಟ್ಟುಕೋ, ಉಳಿದದ್ದು ಮಾರು, ಆ ಎರಡು ಅಂಕಣದ ಮನೆಯನ್ನು ನೀನೇ ಕೊಂಡುಕೋ. ಬಾಡಿಗೆ ಉಳಿಯುತ್ತದೆ. ಮನೆಯನ್ನು ಯಾರೂ ಮದುಮಗಳ ಕೊರಳಿಗೆ ಹಾಕಲಾರರು. ಈ ಕೊನೆಯ ಮಾತಿಗೆ ಅವಳು ನಕ್ಕಳು.

ಸಾಲ ತೀರಿಸಿ ದಾಗೀನ ಬಿಡಿಸಿಕೊಳ್ಳುವ ದಿನ ಮಲ್ಲಪ್ಪನಿಗೂ ಹೇಳಿ ಕಳಿಸಿದ್ದಳು. ಬೇಡವೆಂದು ನಾನು ಹೇಳಿದ್ದೆ. ಅವನು ಬಂದ. ತಲೆ ನೆರೆತಿತ್ತು. ಪೊಟ್ಟಣದ ಅರಗಿನ ಮೊಹರು ಒಡೆದು ದಾಗೀನಗಳನ್ನು ಮೇಜಿನ ಮೇಲಿಟ್ಟಾಗ, "ಅವ್ವ ಮಾಡಿಸಿದ್ದು. ಒಮ್ಮಿ ನೋಡ್ಲೇನ್ರಿ?" ಎಂದು ನನ್ನನ್ನು ಕೇಳಿದ. ಅಕ್ಕನನ್ನು ಕೇಳಲಿಲ್ಲ. ಶಾಂತವ್ವನೇ ಬೋರಮಾಳ ಎತ್ತಿ ಅವನ ಅಂಗೈಯಲ್ಲಿಟ್ಟಳು.

ಅವನು ಅದನ್ನು ಮೇಲೆ ಕೆಳಗೆ ಆಡಿಸಿ ತೂಕ ನೋಡಿದ. "ಹೊಲಾ ನೀರಾಗ ಹೋತು. ನನ್ನ ಪಾಲಿನ ರೊಕ್ಕಾನೂ ಹೋತು. ಇಷ್ಟ ಉಳೀತು ನೋಡ್ರಿ ನಮ್ಮ ಮನಿತನದ್ದು" ಎಂದು ತಿರುಗಿ ಕೊಟ್ಟ. ಮತ್ತೇನೂ ಕೇಳಲಿಲ್ಲ. ಬಸ್ಸು ಇದೆ ಎಂದು ಹೊರಟ. ಉಂಡು ಹೋಗೆಂದು ಅಕ್ಕ ಬಾಗಿಲ ತನಕ ಹೋಗಿ ಕರೆದಳು. ಅವನು ಕೈ ಮಾಡಿ ಹೋದ.

ಜಮಖಂಡಿಯ ಸರಾಫರ ಅಂಗಡಿಗೆ ಅವಳ ಜೊತೆ ನಾನೂ ಹೋಗಿದ್ದೆ. ಬೋರಮಾಳದ ಮಣಿಗಳನ್ನು ಒಡೆದು ಕಾಯಿಸಿದಾಗ ಅರಗು ಸುಟ್ಟು ಹೊಗೆಯಾಯಿತು, ಕಣ್ಣು ಉರಿಯಿತು. ಶಾಂತವ್ವ ಬೆಂಕಿಯ ಕಡೆ ನೋಡದೆ ತಕ್ಕಡಿಯ ಕಡೆ ನೋಡುತ್ತಿದ್ದಳು. ಮನೆಯ ನೋಂದಣಿಯಾಗಿ ಕಾಗದ ಕೈಗೆ ಬಂದ ದಿನ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ತನ್ನ ಹೆಸರು ಬಂದಲ್ಲಿ ಬೆರಳಿಟ್ಟು, "ಇಲ್ಲೇನ್ರಿ?" ಎಂದಳು.

ನನ್ನ ಲೆಕ್ಕ ಸರಿಯಿತ್ತು. ಮುಂದಿನ ವರ್ಷಗಳಲ್ಲಿ ಬಂಗಾರದ ದರ ಇಳಿಯಿತು, ಮನೆಯ ಬೆಲೆ ಏರಿತು. ಯಾರು ನೋಡಿದರೂ ಸರಿ ಎನ್ನುವ ಲೆಕ್ಕ.

ಕೆಲಸ ಬಿಟ್ಟ ಮೇಲೆ ನನಗೆ ದಿನಗಳು ಉದ್ದವಾದವು. ಪಿಂಚಣಿ ಬರುತ್ತದೆ, ಠೇವಣಿ ಇದೆ, ಬ್ಯಾಂಕಿನ ಹುಡುಗರು ಕಂಡರೆ ನಮಸ್ಕಾರ ಮಾಡುತ್ತಾರೆ. ಮಧ್ಯಾಹ್ನ ಹೊತ್ತು ಹೋಗದಿದ್ದರೆ ಶಾಂತವ್ವನ ಮನೆಗೆ ಹೋಗುತ್ತೇನೆ. ಮನೆ ಕೊಂಡ ಮೂರನೆಯ ವರ್ಷ ಪಂಚಮಿ ಕಳೆದ ಮೇಲೆ ಒಂದು ದಿನ ಹಾಗೇ ಹೋಗಿದ್ದೆ. ಸುಣ್ಣ ಹಚ್ಚಿದ ಗೋಡೆ, ಸಾರಿಸಿದ ನೆಲ. ಇಬ್ಬರೂ ಎದುರುಬದುರು ಉಣ್ಣಲು ಕೂತೆವು.

"ಮಲ್ಲಪ್ಪ ಬಂದಿದ್ನೇನ ಈ ಸಲ?"

"ಇಲ್ರಿ."

"ಹೋದ ವರ್ಷ?"

"ಮನಿ ತಗೊಂಡ ಮ್ಯಾಲ ಬಂದೇ ಇಲ್ರಿ." ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಳು. "ಬಂಗಾರ ಇದ್ದಾಗ ಕೇಳಾಕರ ಬರ್ತಿದ್ದ ಬಾಯಾರ. ಮನೀನ ಏನಂತ ಕೇಳಾಕ ಬರ್ತಾನ?"

ಅವಳು ಎದ್ದು, ಬುಟ್ಟಿಯಲ್ಲಿ ಉಳಿದಿದ್ದ ರೊಟ್ಟಿಗಳಲ್ಲಿ ಇನ್ನೊಂದನ್ನು ನನ್ನ ತಾಟಿಗೆ ಹಾಕಿದಳು. ಸಾಕು ಎನ್ನದೆ ತಿಂದೆ.